ಗಾಳಿಯ ಪಾಲಿನ ಗುಟುಕು

ಲೋಕ ಇನ್ನೂ ಹಸಿಮಣ್ಣಿನ ಹಾಗೆ ಹೊಸದಾಗಿದ್ದಾಗ ಸೂರ್ಯನಿಗೆ ಹದವಾಗಿ ಉರಿಯುವುದು ಗೊತ್ತಿರಲಿಲ್ಲ. ಗಾಳಿಗೆ ಒಂದು ಕಡೆ ನಿಲ್ಲುವುದು ಗೊತ್ತಿರಲಿಲ್ಲ. ಗಡಿಗೆಗಳಿಗೆ ಬೆವರುವುದೂ ಗೊತ್ತಿರಲಿಲ್ಲ.

ಆಗ ಗುಂಡವ್ವ ಎಂಬ ಕುಂಬಾರ್ತಿ ಇದ್ದಳು. ಮಣ್ಣನ್ನು ಜರಡಿ ಹಿಡಿದು, ಬೆಣ್ಣೆಯಂತೆ ತುಳಿದು ಗಡಿಗೆ ಮಾಡುತ್ತಿದ್ದಳು. ಒಂದು ಹನಿ ಜಿನುಗಿದರೂ ಅವಳಿಗೆ ಮಾನ ಹೋದಂತೆ! ಗಡಿಗೆಯೇನೋ ಗಟ್ಟಿ, ಬೇಸಿಗೆಯಲ್ಲಿ ಒಳಗಿನ ನೀರು ಮಾತ್ರ ಬಿಸಿಬಿಸಿ.

ಮಗಳು ಹೂವಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಸುರಿಯರು ಹುಣಸೆ ಬೇಡುತ್ತಾರೆ, ಮಾವಿನಕಾಯಿ ಬೇಡುತ್ತಾರೆ. ಇವಳ ಬಯಕೆಯೇ ಬೇರೆ.

"ಯವ್ವಾ, ನನಗ ತಣ್ಣನ್ನ ನೀರ ಬೇಕು. ಬ್ಯಾರೆ ಏನೂ ವಲ್ಲೆ."

ಬಿಸಿನೀರು ಬಾಯಿಗಿಟ್ಟರೆ ವಾಂತಿ. ತುಂಬಿದ ಬಸುರಿ ದಿನದಿನಕ್ಕೆ ಸೊರಗಿದಳು. ಗುಂಡವ್ವ ತಣ್ಣೀರು ಹುಡುಕುತ್ತ ಹೊರಟಳು.

ತಾಮ್ರದ ಕೊಡವನ್ನು ಕೇಳಿದಳು. "ಮಿಂಚಾಕ ಬರತೈತವ್ವಾ, ತಂಪ ಮಾಡಾಕ ಬರೂದಿಲ್ಲ," ಎಂದಿತು ಕೊಡ.

ದೂರದ ಹೊಳೆಯನ್ನು ಕೇಳಿದಳು. "ಇಲ್ಲಿದ್ರ ತಂಪ ಅದೀನಿ. ನಿನ್ನ ಮನಿ ಮುಟ್ಟೂದ್ರಾಗ ಬಿಸಿ ಆಕ್ಕೀನಿ," ಎಂದಿತು ಹೊಳೆ.

ದಪ್ಪನೆಯ ಗಡಿಗೆ ಮಾಡಿದರೆ ಬಿಸಿಲು ಒಳಗೆ ನುಗ್ಗಲಾರದು ಎಂದುಕೊಂಡು ಗುಂಡವ್ವ ಮಣ್ಣು ತುಳಿಯತೊಡಗಿದಳು. ಅಷ್ಟರಲ್ಲಿ ಗಾಳಿ ಓಡೋಡಿ ಬಂದು, ಕಣದಿಂದ ಹೊತ್ತು ತಂದ ಹೊಟ್ಟನ್ನೆಲ್ಲ ಆ ಮಣ್ಣಿಗೇ ಸುರಿಯಿತು.

"ಎಲಾ ತುಡುಗಾ! ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅನ್ನೂದು ನಿನ್ನ ನೋಡೇ ಹುಟ್ಟೇತಿ!"

"ತಪ್ಪಾತವ್ವಾ," ಎಂದಿತು ಗಾಳಿ ಏದುಸಿರು ಬಿಡುತ್ತ. "ಊರೂರು ತಿರುಗಿ ಬಾಯಾರೇತಿ. ಒಂದ ಗುಟುಕ ನೀರ ಕೊಡ್ತಿ?"

ಬಾಯಾರಿಕೆ ಎಂದ ಮೇಲೆ ಗುಂಡವ್ವನ ಸಿಟ್ಟು ಇಳಿಯಿತು. "ಗಡಿಗಿ ಆಗಲಿ ತಡಿಯೋ. ನಿನಗೂ ಒಂದ ಪಾಲ ಐತಿ."

ಮತ್ತೆ ಜರಡಿ ಹಿಡಿಯಲು ಪುರುಸೊತ್ತೆಲ್ಲಿ? ಹಾಗೇ ಗಡಿಗೆ ಮಾಡಿ ಸುಟ್ಟಳು. ಬೆಂಕಿಯಲ್ಲಿ ಮಣ್ಣಿನೊಳಗಿನ ಹೊಟ್ಟು ಉರಿದುಹೋಗಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿದವು. ನೀರು ತುಂಬಿದ್ದೇ ತಡ, ಗಡಿಗೆಯ ಮೈಯೆಲ್ಲ ಬೆವರಿತು.

"ಅಯ್ಯ, ನನ್ನ ಮಾನ ಹೋತು!" ಗುಂಡವ್ವ ಹಣೆ ಚಚ್ಚಿಕೊಂಡಳು.

"ಇದು ನನ್ನ ಪಾಲ ಹೌದಲ್ಲ?" ಗಾಳಿ ಕುಣಿಯುತ್ತ ಬಂದು ಗಡಿಗೆಯ ಸುತ್ತ ಸುಳಿದು, ಹನಿಹನಿಯನ್ನೂ ನೆಕ್ಕಿತು. ಪ್ರತಿ ಹನಿಯ ಜೊತೆ ಒಂದಿಷ್ಟು ಬಿಸಿಯನ್ನೂ ಹೊತ್ತುಕೊಂಡು ಹೋಯಿತು.

ಹೂವಕ್ಕ ಒಂದು ಗುಟುಕು ಕುಡಿದಳು. ಕಣ್ಣರಳಿತು. ಇಡೀ ತಂಬಿಗೆ ಖಾಲಿ ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯವ್ವಾ, ಕೂಸು ಒದೀತು! ಅದಕ್ಕೂ ಇನ್ನೊಂದ ತಂಬಗಿ ಬೇಕಂತ!"

ಗುಂಡವ್ವನಿಗೆ ಎಷ್ಟು ಸಂತೋಷವಾಯಿತೆಂದರೆ, ಹೋದ ಮಾನವನ್ನು ಅವಳು ಹುಡುಕಲೇ ಇಲ್ಲ. ಅಂದಿನಿಂದ ತಾನೇ ಕೈಯಾರೆ ಮಣ್ಣಿಗೆ ಹೊಟ್ಟು ಬೆರೆಸತೊಡಗಿದಳು.

ಬೇಸಿಗೆಯಲ್ಲಿ ನಿಮ್ಮ ಮನೆಯ ಮಣ್ಣಿನ ಗಡಿಗೆಯನ್ನು ಮುಟ್ಟಿ ನೋಡು, ಮಗು. ಮೈ ಒದ್ದೆಯಾಗಿದ್ದರೆ, ಗಾಳಿ ತನ್ನ ಪಾಲಿನ ಗುಟುಕಿಗೆ ಬಂದಿದೆ, ನಿನ್ನ ಪಾಲನ್ನು ತಂಪು ಮಾಡುತ್ತಿದೆ.