ತಂಡದಿಂದ ತೆಗೆದವನು

ಹೊಳೆದಂಡೆಯಲ್ಲಿ ವರದಪ್ಪ ಮೇಷ್ಟ್ರದು ಒಂದು ಹೆಂಚಿನ ಮನೆ. ಊರಿನವರು ಅದನ್ನು ಆಶ್ರಮ ಅನ್ನುತ್ತಿದ್ದರು. ಮೊದಲು ತಮಾಷೆಗೆ ಅಂದದ್ದು, ಆಮೇಲೆ ಅದೇ ಹೆಸರಾಯಿತು.

ಮೇಷ್ಟ್ರು ಮಂತ್ರ ಕಲಿಸಿದವರಲ್ಲ. ಊರಿನ ಕಾಗದದ ಕಾರ್ಖಾನೆಗೆ ಫುಟ್‌ಬಾಲ್ ತಂಡವಿದ್ದ ಕಾಲದಲ್ಲಿ ಅದರ ಕೋಚ್ ಆಗಿದ್ದರು. ಕಾರ್ಖಾನೆ ಮುಚ್ಚಿತು, ತಂಡವೂ ಹೋಯಿತು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅವರಿಗೆ ಉಳಿದಿದ್ದ ಶಿಷ್ಯೆ ಒಬ್ಬಳೇ, ಸಬೀಹಾ.

ಸಬೀಹಾಳ ಮಂಡಿ ಇಪ್ಪತ್ಮೂರಕ್ಕೇ ಕೈಕೊಟ್ಟಿತ್ತು. ಆಡಲಾಗದಿದ್ದರೆ ಆಡಿಸುತ್ತೇನೆ ಎಂದು ಹಟ ಹಿಡಿದು, ನಾಲ್ಕು ವರ್ಷ ಮೇಷ್ಟ್ರ ಜಗಲಿಯಲ್ಲಿ ಕೂತು ಕಲಿತಿದ್ದಳು.

ಬರುವ ತಿಂಗಳು ಹುಬ್ಬಳ್ಳಿಯ ಹೆಣ್ಣುಮಕ್ಕಳ ತಂಡವೊಂದಕ್ಕೆ ಕೋಚ್ ಆಗಿ ಹೋಗುವವಳಿದ್ದಳು. ಆ ತಂಡದಲ್ಲಿ ಇಪ್ಪತ್ತೆಂಟು ಹುಡುಗಿಯರಿದ್ದರು. ಸಂಬಳಕ್ಕೆ ದುಡ್ಡಿದ್ದದ್ದು ಇಪ್ಪತ್ತೆರಡು ಜನಕ್ಕೆ.

ಕೈ ಪಳಗಲಿ ಎಂದು ಅವಳು ಫೋನಿನಲ್ಲಿ ಒಂದು ಆನ್‌ಲೈನ್ ಆಟ ಹಿಡಿದಿದ್ದಳು. ಅದರಲ್ಲಿ ತಾನೇ ಒಂದು ತಂಡ ಕಟ್ಟಬೇಕು. ಆಟಗಾರರನ್ನು ಕೊಳ್ಳಬೇಕು, ಅವರಿಗೆ ಸಂಬಳ ಕೊಡಬೇಕು, ಎಲ್ಲೆಲ್ಲಿಯವರೋ ಕಟ್ಟಿದ ತಂಡಗಳೆದುರು ಗೆಲ್ಲಬೇಕು. ಒಳ್ಳೆಯವರನ್ನೇ ತುಂಬಿಕೊಂಡರೆ ಸಂಬಳ ಮಿತಿ ಮೀರುತ್ತದೆ. ಸಂಬಳಕ್ಕೆ ಕೈ ಬಿಗಿಹಿಡಿದರೆ ತಂಡ ಸೊರಗುತ್ತದೆ.

ಮಂಗಳವಾರ ಬೆಳಿಗ್ಗೆ ಅವಳು ಫೋನನ್ನು ಮೇಷ್ಟ್ರ ಮುಂದೆ ಹಿಡಿದಳು.

"ಸಂಬಳ ಮಿತಿ ದಾಟಿದೆ ಮೇಷ್ಟ್ರೇ. ಇವತ್ತು ಸರಿ ಮಾಡದಿದ್ರೆ ಅಂಕ ಕಳೀತಾರೆ. ಯಾರನ್ನ ಬಿಡಲಿ?"

"ನಿನಗೆ ಯಾರು ಅನ್ನಿಸುತ್ತೆ?"

"ಎಡಗಡೆ ಕಾಯೋ ಈ ಲೆಫ್ಟ್ ಬ್ಯಾಕ್. ಮೂವತ್ನಾಲ್ಕು ವರ್ಷ. ಬಲ ನೂರರಲ್ಲಿ ಅರವತ್ತೆಂಟಕ್ಕೆ ಇಳಿದಿದೆ, ಸಂಬಳ ಮಾತ್ರ ಇಳಿದಿಲ್ಲ. ಇವನೊಬ್ಬನನ್ನ ಬಿಟ್ರೆ ಆ ದುಡ್ಡಲ್ಲಿ ಇಬ್ಬರು ಎಳೆಯರು ಬರ್ತಾರೆ, ಇನ್ನೂ ಒಂದಿಷ್ಟು ಉಳಿಯುತ್ತೆ."

"ಅವನ ಹೆಸರೇನು?"

ಸಬೀಹಾ ಪರದೆ ಸರಿಸಿ ನೋಡಬೇಕಾಯಿತು.

"ಇವೊ ಬಾರ್ಟಾಕ್ ಅಂತೆ. ಕಂಪ್ಯೂಟರ್ ಇಟ್ಟ ಹೆಸರು ಮೇಷ್ಟ್ರೇ. ಅಂಥವನು ಎಲ್ಲೂ ಇಲ್ಲ."

"ಎಷ್ಟು ದಿನದಿಂದ ಇದ್ದಾನೆ ನಿನ್ನ ತಂಡದಲ್ಲಿ?"

"ಶುರುವಿನಿಂದ. ಆಟದ ಮೊದಲ ಸೀಸನ್ನಲ್ಲಿ ಅವನಿಂದಲೇ ಲೀಗಿನಲ್ಲಿ ಉಳಕೊಂಡ್ವಿ."

ಮೇಷ್ಟ್ರು ಹೊಳೆಯ ಕಡೆ ನೋಡಿದರು.

ಸಬೀಹಾ ಬೆರಳು ಒತ್ತಿದಳು. ಖಚಿತವೇ ಎಂದು ಆಟ ಒಂದು ಸಲ ಕೇಳಿತು. ಹೌದು ಅಂದಳು. ಪಟ್ಟಿಯಲ್ಲಿ ಅವನ ಸಾಲು ಮಾಯವಾಗಿ, ಕೆಳಗಿದ್ದವರೆಲ್ಲ ಒಂದೊಂದು ಸಾಲು ಮೇಲೆ ಸರಿದರು.

ಗುರುವಾರ ಬೆಳಗಾಗುತ್ತಲೇ, ಆ ಮಂಡಿಯಲ್ಲೇ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದು ಬಂದಳು.

"ಗೆದ್ವಿ ಮೇಷ್ಟ್ರೇ! ಮೂರು ಸೊನ್ನೆ! ಹೊಸದಾಗಿ ತಂದ ಹುಡುಗನೇ ಎರಡು ಗೋಲು ಹೊಡೆದ. ಸಂಬಳವೂ ಮಿತಿಯೊಳಗೆ ಬಂತು. ನಾನು ಹಾಕಿದ ಲೆಕ್ಕ ಒಂಚೂರೂ ತಪ್ಪಲಿಲ್ಲ."

ಮೇಷ್ಟ್ರು ಹೊರಡುವ ಸಿದ್ಧತೆಯಲ್ಲಿದ್ದರು. ಚಪ್ಪಲಿ ಮೆಟ್ಟಿ, ಗೂಟದಲ್ಲಿದ್ದ ಬಟ್ಟೆಚೀಲ ಹೆಗಲಿಗೆ ಹಾಕಿದರು.

"ಬಾ," ಅಂದರು.

"ಎಲ್ಲಿಗೆ?"

"ನಾನು ಗುರುವಾರ ಹೋಗೋ ಕಡೆಗೆ."

ಪ್ರತಿ ಗುರುವಾರ ಮೇಷ್ಟ್ರು ಎಲ್ಲೋ ಹೋಗಿಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಯಾವುದೋ ಮಠಕ್ಕೆ ಹೋಗುತ್ತಾರೆ ಅಂದುಕೊಂಡಿದ್ದಳು.

ಅವರು ಹೋದದ್ದು ಕ್ರೈಸ್ತರ ಇಗರ್ಜಿಯ ಹಿಂದಿನ ಓಣಿಗೆ. ಬಾಗಿಲು ತೆಗೆದವಳು ಒಬ್ಬ ವಯಸ್ಸಾದ ಹೆಂಗಸು, ಸೆಲಿನಮ್ಮ. ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ. ಬಿಸಿನೀರಿನ ಬೋಗುಣಿ ತಂದು ನೆಲದ ಮೇಲಿಟ್ಟು ಒಳಗೆ ಹೋದಳು.

ಮಂಚದ ಮೇಲೆ ಒಬ್ಬ ಎತ್ತರದ ಮನುಷ್ಯ ಮಲಗಿದ್ದ. ಎಡಪಾದಕ್ಕೆ ಬಟ್ಟೆ ಸುತ್ತಿತ್ತು.

ಮೇಷ್ಟ್ರು ಮಂಚದ ಕಾಲು ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತರು. ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆ ಬಿಚ್ಚಿದರು. ಎರಡು ಬೆರಳು ಇರಲಿಲ್ಲ. ಸಕ್ಕರೆ ಕಾಯಿಲೆಯ ಹುಣ್ಣು. ನೀರಿನಿಂದ ತೊಳೆದು, ಒರೆಸಿ, ಚೀಲದಿಂದ ಮುಲಾಮು ತೆಗೆದು ಹಚ್ಚಿದರು.

ಸಬೀಹಾ ಆ ಕಾಲು ನೋಡುತ್ತ ನಿಂತಳು. ಒಣಗಿಹೋಗಿದ್ದರೂ ಮೀನಖಂಡ ಇನ್ನೂ ಗಂಟುಗಂಟಾಗಿತ್ತು. ಪಾದದ ಮೇಲಿನ ಹರಡಿನ ಮೂಳೆ ಒಂದು ಸಲ ಮುರಿದು ಸೊಟ್ಟಗೆ ಕೂಡಿತ್ತು. ಅದು ಚೆಂಡು ಒದ್ದ ಕಾಲು ಎಂದು ಯಾರೂ ಹೇಳಬೇಕಿರಲಿಲ್ಲ.

ಮಲಗಿದ್ದವನು ಕಣ್ಣು ಬಿಟ್ಟ.

"ಮೇಷ್ಟ್ರೇ."

"ಹೇಳು ಅಂತೋಣಿ."

"ಶನಿವಾರದ ಮ್ಯಾಚಿಗೆ ನಾನಿದ್ದೀನಾ?"

ಮೇಷ್ಟ್ರು ಚೀಲದಿಂದ ಹೊಸ ಬಟ್ಟೆ ತೆಗೆದು ಪಾದಕ್ಕೆ ಸುತ್ತತೊಡಗಿದರು.

"ಇದ್ದೀಯ."

"ಎಡಗಡೇನೇ?"

"ಎಡಗಡೇನೇ. ನೀನಿರುವಾಗ ಅಲ್ಲಿ ಇನ್ಯಾರು ಆಡ್ತಾರೆ?"

ಅಂತೋಣಿ ನಕ್ಕು ಕಣ್ಣು ಮುಚ್ಚಿದ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಹೊರಡುವಾಗ ಸೆಲಿನಮ್ಮ ಬಾಗಿಲಿಗೆ ಬಂದಳು. ಮೇಷ್ಟ್ರನ್ನು ನೋಡಲಿಲ್ಲ. ಸಬೀಹಾಳನ್ನು ಕೇಳಿದಳು.

"ನೀನು ಇವರ ಶಿಷ್ಯೆಯೇನಮ್ಮ?"

"ಹೌದಮ್ಮ."

"ನನ್ನ ತಮ್ಮನೂ ಶಿಷ್ಯನೇ," ಅಂದು ಬಾಗಿಲು ಹಾಕಿಕೊಂಡಳು.

ಹೊಳೆಯ ದಾರಿ ಹಿಡಿದ ಮೇಲೆ ಸಬೀಹಾ ಕೇಳಿದಳು.

"ಯಾವ ಶನಿವಾರ ಮೇಷ್ಟ್ರೇ?"

"ಮೂವತ್ತಾರು ವರ್ಷದ ಹಿಂದಿನದು. ಕಾರ್ಖಾನೆಯವರು ತಂಡದ ಖರ್ಚು ಇಳಿಸಿ ಅಂದ್ರು. ಅವನಿಗೆ ಮೂವತ್ತೆರಡು ಆಗಿತ್ತು. ಓಟ ಕಮ್ಮಿಯಾಗಿತ್ತು. ಆಟಕ್ಕೇ ಅಂತ ಕೊಟ್ಟ ನೌಕರಿ. ತಂಡದಿಂದ ತೆಗೆದರೆ ನೌಕರಿಯೂ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ಪಟ್ಟಿ ಬರೆದವನು ನಾನೇ."

"ಅವರಿಗೆ ಏನಂತ ಹೇಳಿದ್ರಿ?"

"ಹೇಳಲಿಲ್ಲ. ಪಟ್ಟಿಯನ್ನ ನೋಟಿಸ್ ಬೋರ್ಡಿಗೆ ಅಂಟಿಸಿ ಮನೆಗೆ ಬಂದೆ. ಮೇಷ್ಟ್ರು ನನ್ನ ಹೆಸರು ಬರೆಯೋಕೆ ಮರೆತಿದ್ದಾರೆ ಅಂದುಕೊಂಡ ಅವನು. ಶನಿವಾರ ಬೂಟು ಕಟ್ಟಿಕೊಂಡು ಮೈದಾನಕ್ಕೆ ಬಂದ."

ಸಬೀಹಾ ನಿಂತುಬಿಟ್ಟಳು.

"ಆಮೇಲೆ?"

"ತಂತಿಬೇಲಿಯ ಆಚೆ ನಿಂತು ಮ್ಯಾಚ್ ಪೂರ್ತಿ ನೋಡಿದ. ನಿಶ್ಚಯವಾಗಿದ್ದ ಮದುವೆ ಮುರೀತು. ಮರದ ಡಿಪೋದಲ್ಲಿ ಹಮಾಲಿ ಮಾಡ್ದ, ಕಾಲು ಹೋಗೋವರೆಗೆ."

"ನಿಮ್ಮ ಜೊತೆ ಎಷ್ಟು ಪ್ರೀತಿಯಿಂದ ಮಾತಾಡಿದ್ರಲ್ಲ?"

"ಅದು ಮರೆವಿನ ಕಾಯಿಲೆ. ಎರಡು ವರ್ಷದಿಂದ. ಅದಕ್ಕೆ ಮೊದಲು ನಾನು ಹೋದರೆ ಗೋಡೆ ಕಡೆ ತಿರುಗಿಕೊಳ್ತಿದ್ದ. ಕಾಲು ಮಾತ್ರ ಕೊಡ್ತಿದ್ದ."

ಇಬ್ಬರೂ ದಂಡೆಯ ಕಲ್ಲುಗಳ ಮೇಲೆ ಕೂತರು. ನೀರು ಕಮ್ಮಿಯಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಹಾಗಾದ್ರೆ ಹುಬ್ಬಳ್ಳಿಯಲ್ಲಿ ನಾನು ಯಾರನ್ನೂ ತೆಗೀಬಾರದಾ?"

"ತೆಗೀಲೇಬೇಕು. ಇಪ್ಪತ್ತೆರಡು ಜನರ ಅನ್ನದಲ್ಲಿ ಇಪ್ಪತ್ತೆಂಟು ಹೊಟ್ಟೆ ತುಂಬಲ್ಲ. ತುಂಬಿಸೋಕೆ ಹೋದರೆ ತಂಡವೇ ಇರಲ್ಲ."

"ಹೇಗೆ ತೆಗೀಲಿ ಮೇಷ್ಟ್ರೇ?"

"ಆ ಆರು ಜನರನ್ನ ಒಬ್ಬೊಬ್ಬಳನ್ನೇ ಕರೆದು ಕೂರಿಸು. ನಿನ್ನ ಬಾಯಿಂದಲೇ ಹೇಳು. ಅವಳು ಅತ್ತರೆ, ಬೈದರೆ, ಎದ್ದು ಹೋಗಬೇಡ."

"ಹಾಗೆ ಹೇಳಿದ್ರೆ ಅವರಿಗೆ ನೋವು ಕಮ್ಮಿ ಆಗುತ್ತಾ?"

"ಇಲ್ಲ."

ಸಬೀಹಾಳ ಕಣ್ಣಿನ ಮುಂದೆ ತಾನಿನ್ನೂ ಕಂಡಿರದ ಆರು ಮುಖಗಳು ಬಂದು ನಿಂತವು. ಮೇಷ್ಟ್ರ ಕಡೆ ತಿರುಗಿದಳು. ಅವರ ಬೆರಳಿನಲ್ಲಿ ಇನ್ನೂ ಮುಲಾಮಿನ ವಾಸನೆ ಇತ್ತು. ಅವರು ಹೌದು ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಕೇಳಿದಳು.

"ಆವತ್ತು ನಿಮ್ಮ ಲೆಕ್ಕ ತಪ್ಪಿತ್ತು, ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಚೀಲವನ್ನು ಹೆಗಲಿನಿಂದ ಇಳಿಸಿ ಕಲ್ಲಿನ ಮೇಲಿಟ್ಟರು.

"ಅವನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ಆಡಿದ. ಖರ್ಚೂ ಇಳೀತು. ಆ ವರ್ಷ ಕಪ್ ನಮ್ಮದೇ ಆಯ್ತು."

ಆಮೇಲೆ ಅಂದರು:

"ಲೆಕ್ಕ ಸರಿಯಾಗೇ ಇತ್ತು ಸಬೀಹಾ. ತಪ್ಪಿದ್ದಿದ್ದರೆ ಅವನ ಹತ್ತಿರ ಕ್ಷಮೆ ಕೇಳಬಹುದಿತ್ತು."