ಮೊಲದ ಬಿಲಕ್ಕೆ ಬಂದ ದೊಡ್ಡ ನಾಯಿ

ಮಕ್ಕಳೇ, ಕಾಡಿನ ಅಂಚಿನಲ್ಲಿ ಜೊಂಡು ಬೆಳೆದ ಒಂದು ಕೆರೆ ಇತ್ತು. ಅದರ ದಂಡೆಯ ಮೇಲೆ, ಪೊದೆಯೊಂದರ ಕೆಳಗೆ, ಚೆಂಗಪ್ಪ ಎಂಬ ಮೊಲದ ಬಿಲ. ಬಿಲಕ್ಕೆ ಮುಂದೊಂದು ಬಾಗಿಲು, ಹಿಂದೊಂದು ಕಿಂಡಿ. ಒಳಗೆ ಹೆಂಡತಿ ತುಂಬೆ, ಜೊತೆಗೆ ಮೂರು ಪುಟ್ಟ ಮರಿಗಳು.

ಚೆಂಗಪ್ಪ ಒಳ್ಳೆಯವನೇ. ಮೈಮುರಿದು ದುಡಿಯುತ್ತಿದ್ದ, ಮರಿಗಳನ್ನು ಮುದ್ದಿಸುತ್ತಿದ್ದ. ಆದರೆ ಏನು ಮಾಡಿದರೂ ನಾಲ್ಕು ಜನ ನೋಡಬೇಕು, ನೋಡಿ "ಭಲೇ!" ಅನ್ನಬೇಕು. ಅದೊಂದು ಚಪಲ ಅವನಿಗೆ.

ಆ ಬೇಸಿಗೆಯಲ್ಲಿ ಒಂದು ಕಾಡುಬೆಕ್ಕು ಕೆರೆಯ ಸುತ್ತ ಸುಳಿಯತೊಡಗಿತು. ನೀರುಕೋಳಿಯ ಎರಡು ಮರಿಗಳು ಕಾಣೆಯಾದವು. ತುಂಬೆಗೆ ದಿಗಿಲು ಹತ್ತಿತು.

"ರೀ, ಮರಿಗಳನ್ನ ಬಿಟ್ಟು ಮೇವಿಗೆ ಹೋಗೋಕೆ ನನಗೆ ಧೈರ್ಯವಿಲ್ಲ. ಮನೆಗೊಂದು ನಾಯಿ ಬೇಕು" ಎಂದಳು.

ಊರು ಬಿಟ್ಟು ಬಂದ ಎರಡು ನಾಯಿಗಳು ಆಗ ಕೆರೆಯ ಬಳಿ ನೆಲೆ ಹುಡುಕುತ್ತಿದ್ದವು. ಗೆಡ್ಡೆಗೆಣಸು ತಿಂದುಕೊಂಡಿರುತ್ತೇವೆ, ಇಲ್ಲಿಯ ಯಾರ ಮೈಗೂ ಬಾಯಿ ಹಾಕುವುದಿಲ್ಲ ಎಂದು ಎರಡೂ ಮಾತು ಕೊಟ್ಟಿದ್ದವು. ಒಬ್ಬನ ಹೆಸರು ಗುಡ್ಡ. ಕರುವಿನಷ್ಟು ಎತ್ತರ. ಅವನು ಬೊಗಳಿದರೆ ಆಚೆ ದಡದ ಕಪ್ಪೆಗಳೂ ನೀರಿಗೆ ಹಾರುತ್ತಿದ್ದವು. ಇನ್ನೊಬ್ಬಳು ಕಡ್ಲೆ. ಗಿಡ್ಡ ಕಾಲು, ಉದ್ದ ಮೈ, ಮುಂಗುಸಿಗಿಂತ ತುಸು ದಪ್ಪ, ಅಷ್ಟೆ.

ತುಂಬೆ ಇಬ್ಬರನ್ನೂ ಕರೆದು ವಿಚಾರಿಸಿದಳು. "ನಿಮಗೆ ಏನೇನು ಬೇಕಪ್ಪ?"

ಗುಡ್ಡ ಮುಚ್ಚುಮರೆ ಮಾಡಲಿಲ್ಲ. "ದಿನಕ್ಕೊಂದು ಬುಟ್ಟಿ ಗೆಣಸು ಬೇಕಮ್ಮ. ಕಾಲು ಚಾಚಿ ಮಲಗೋಕೆ ದೊಡ್ಡ ಜಾಗ, ಓಡೋಕೆ ಬಯಲು."

"ನನಗೆ ಎರಡು ಗೆಣಸು ಸಾಕು" ಎಂದಳು ಕಡ್ಲೆ. "ಆದರೆ ಮೊದಲೇ ಹೇಳ್ತೀನಿ, ಎಲೆ ಅಲುಗಾಡಿದರೂ ನಾನು ಬೊಗಳೋಳೇ. ನಿಮಗೆ ಮಧ್ಯಾಹ್ನದ ನಿದ್ದೆ ಸಿಗಲ್ಲ."

ತುಂಬೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ಈ ಚಿಕ್ಕದೇ ನಮಗೆ ಸರಿ. ಬಿಲದೊಳಗೆ ಓಡಾಡುತ್ತೆ."

ಚೆಂಗಪ್ಪ ಮಾತ್ರ ಗಟ್ಟಿಯಾಗಿಯೇ ನಕ್ಕ. "ಇದನ್ನ ಸಾಕಿದರೆ ನೋಡಿದವರು ಏನಂತಾರೆ? ನಾಯಿಯೋ ಹೆಗ್ಗಣವೋ ಅಂತ ಕೇಳ್ತಾರೆ! ಗುಡ್ಡ, ನೀನು ಬಾ."

ಕಡ್ಲೆಯ ಬಾಲ ಇಳಿದುಹೋಯಿತು. ಪಕ್ಕದ ಮನೆಯ ಮುಳ್ಳುಹಂದಿ ಸೂಜಮ್ಮ, "ನಡಿಯವ್ವ, ನಮ್ಮನೇಲಿರು" ಎಂದು ಅವಳನ್ನು ಕರೆದುಕೊಂಡು ಹೋದಳು.

ಚೆಂಗಪ್ಪನಿಗೆ ಹಿಗ್ಗೋ ಹಿಗ್ಗು. ಬೆಳಗಾದರೆ ಗುಡ್ಡನ ಜೊತೆ ಕೆರೆಯ ದಂಡೆಯುದ್ದಕ್ಕೂ ಮೆರವಣಿಗೆ. ಕೊಕ್ಕರೆಗಳು ಕತ್ತು ಚಾಚಿ ನೋಡುತ್ತಿದ್ದವು. ಇತ್ತ ಮಳೆಗಾಲಕ್ಕೆಂದು ಕೂಡಿಟ್ಟ ಗೆಣಸು ಮೂರೇ ದಿನಕ್ಕೆ ಖಾಲಿ. ತುಂಬೆ ಹೊತ್ತು ಹುಟ್ಟುವ ಮೊದಲೇ ಎದ್ದು ನೆಲ ಅಗೆಯಬೇಕಾಯಿತು. ಪಾಪ, ಗುಡ್ಡನೂ ಸುಖವಾಗಿರಲಿಲ್ಲ. ಬಿಲದೊಳಗೆ ಅವನ ತಲೆ ಮಾತ್ರ ತೂರುತ್ತಿತ್ತು. ಹೊರಗೆ ಪೊದೆಯ ಮುಳ್ಳಿನ ನಡುವೆ ಮುದುಡಿ ಮಲಗುತ್ತಿದ್ದ.

ಒಂದು ಮಧ್ಯಾಹ್ನ ತುಂಬೆ ಗೆಣಸು ಅಗೆಯಲು ಹೋಗಿದ್ದಳು. ಚೆಂಗಪ್ಪ ಗುಡ್ಡನನ್ನು ಬಾತುಕೋಳಿಗಳಿಗೆ ತೋರಿಸುತ್ತಿದ್ದ. ಹೊಂಚು ಹಾಕಿದ್ದ ಕಾಡುಬೆಕ್ಕು ಹಿಂದಿನ ಕಿಂಡಿಯಿಂದ ಬಿಲಕ್ಕೆ ನುಗ್ಗಿತು.

"ಅಪ್ಪಾ! ಅಪ್ಪಾ!"

ಕೂಗು ಕೇಳಿದ್ದೇ ತಡ, ಗುಡ್ಡ ಬಾಣದ ಹಾಗೆ ಓಡಿದ. ಮುಂಬಾಗಿಲಿಗೆ ತಲೆ ಕೊಟ್ಟು ನುಗ್ಗಿದ. ತಲೆ ಹೋಯಿತು, ಭುಜ ಸಿಕ್ಕಿಕೊಂಡಿತು. ಮಣ್ಣು ದಬದಬ ಉದುರಿತು. ಮರಿಗಳು ಓಡಿ ಬರಬಹುದಾಗಿದ್ದ ದಾರಿಯೂ ಮುಚ್ಚಿಹೋಯಿತು!

"ಹಿಂದಕ್ಕೆ ಬಾರೋ ಗುಡ್ಡ!" ಚೆಂಗಪ್ಪ ಅವನ ಬಾಲ ಹಿಡಿದು ಎಳೆದ.

"ಆಗ್ತಿಲ್ಲ ಯಜಮಾನ್ರೇ! ಮರಿಗಳು ಮೂಲೆಯ ಸಂದಿಯಲ್ಲಿವೆ. ಬೆಕ್ಕು ಪಂಜ ಹಾಕ್ತಾ ಇದೆ. ನನಗೆ ಎಟಕ್ತಿಲ್ಲ!"

ಚೆಂಗಪ್ಪನಿಗೆ ಈಗ ನಾಚಿಕೆಪಡಲು ಹೊತ್ತಿರಲಿಲ್ಲ. ಸೂಜಮ್ಮನ ಮನೆಗೆ ಓಡಿದ. "ಕಡ್ಲೆ, ನನ್ನ ಮರಿಗಳು..." ಎಂದ. ಬಿಲದ ಹಿಂದಿನ ಕಿಂಡಿಯ ಕಡೆ ಕೈ ತೋರಿಸಿದ.

ಕಡ್ಲೆ ಆಗಲೇ ಓಡಿದಳು, ಹಿಂದೆಯೇ ಸೂಜಮ್ಮ. ಕಡ್ಲೆ ಕಿಂಡಿಯಲ್ಲಿ ಸರ್ರನೆ ನುಗ್ಗಿ, ಬೆಕ್ಕಿನ ಬಾಲಕ್ಕೆ ಬಾಯಿ ಹಾಕಿ ಕಚ್ಚಿ ಹಿಡಿದಳು. ಬೆಕ್ಕು ತಿರುಗಿ ಅವಳ ಕಿವಿ ಪರಚಿತು. ರಕ್ತ ಸುರಿದರೂ ಕಡ್ಲೆ ಹಲ್ಲು ಸಡಿಲಿಸಲಿಲ್ಲ. ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತ ಅದನ್ನು ಕಿಂಡಿಯಿಂದ ಹೊರಗೆ ಎಳೆದುಬಿಟ್ಟಳು. ಹೊರಗೆ ಸೂಜಮ್ಮ ಮುಳ್ಳು ಕೆದರಿಕೊಂಡು ಕಾದಿದ್ದಳು. ಮೂತಿಗೆ ನಾಲ್ಕು ಮುಳ್ಳು ಚುಚ್ಚಿಸಿಕೊಂಡು ಓಡಿದ ಬೆಕ್ಕು ಮತ್ತೆ ಆ ಕಡೆ ಸುಳಿಯಲಿಲ್ಲ.

ತುಂಬೆ ಬಂದವಳೇ ಮರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮೂರೂ ಕ್ಷೇಮ. ಆಮೇಲೆ ಎಲ್ಲರೂ ಸೇರಿ ಬಾಗಿಲ ಮಣ್ಣು ಕೆರೆದು ಗುಡ್ಡನನ್ನು ಬಿಡಿಸಿದರು.

"ನಾನು ಹೇಗೆ ಮುಖ ತೋರಿಸಲಿ?" ಗುಡ್ಡ ತಲೆ ತಗ್ಗಿಸಿದ.

"ನಿನ್ನದೇನೂ ತಪ್ಪಿಲ್ಲ ಕಣೋ" ಎಂದ ಚೆಂಗಪ್ಪ. "ನಿನಗೇನು ಬೇಕು ಅಂತ ನೀನು ಮೊದಲೇ ಹೇಳಿದ್ದೆ. ಮೆರೆಯೋ ಹುಚ್ಚಲ್ಲಿ ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ." ಆಮೇಲೆ ಕಡ್ಲೆಯ ಕಡೆ ತಿರುಗಿದ. "ನಿನಗೆ ಆಡಬಾರದ ಮಾತಾಡಿದೆ ತಾಯಿ. ಕ್ಷಮಿಸಿಬಿಡು. ನಮ್ಮನೇಲಿ ಇರ್ತೀಯಾ?"

ಕಡ್ಲೆ ಗಾಯದ ಕಿವಿ ಒದರಿದಳು. "ಇರ್ತೀನಿ. ಆದರೆ ನನ್ನನ್ನ ದಂಡೆ ಮೇಲೆ ಮೆರವಣಿಗೆ ಮಾಡಿಸಕೂಡದು!"

ಎಲ್ಲರೂ ನಕ್ಕರು. ಚೆಂಗಪ್ಪನಂತೂ ಕಣ್ಣೀರು ಒರೆಸಿಕೊಂಡು ನಕ್ಕ.

ಮರುದಿನ ತುಂಬೆಯೇ ಗುಡ್ಡನನ್ನು ಕೆರೆಯಾಚೆಯ ಬಯಲಿಗೆ ಕರೆದೊಯ್ದಳು. ಅಲ್ಲಿ ಎಮ್ಮೆಗಳ ಹಿಂಡಿತ್ತು. ತೋಳಗಳು ಕರುಗಳ ಬೆನ್ನು ಹತ್ತುತ್ತಿವೆ ಎಂದು ಹಿರಿಯ ಎಮ್ಮೆ ಗೌರಕ್ಕ ಗೋಳಾಡುತ್ತಿದ್ದಳು. ಗುಡ್ಡನನ್ನು ಕಂಡು ಅವಳ ಮುಖ ಅರಳಿತು. ದಿನಕ್ಕೊಂದು ಬುಟ್ಟಿ ಗೆಣಸು ಕೊಡಲೂ ಒಪ್ಪಿದಳು.

ಆ ವಾರವೇ ಮೂರು ತೋಳಗಳು ಬಂದವು. ಗುಡ್ಡ ಕರುಗಳ ಮುಂದೆ ನಿಂತು ಒಂದೇ ಒಂದು ಸಲ ಬೊಗಳಿದ. ತೋಳಗಳು ಒಂದರ ಮುಖ ಒಂದು ನೋಡಿಕೊಂಡು, ಬಂದ ದಾರಿ ಹಿಡಿದವು. ಗುಡ್ಡ ಬಯಲಿನ ನಡುವೆ ನಾಲ್ಕೂ ಕಾಲು ಚಾಚಿ ಹಾಯಾಗಿ ಮಲಗಿದ.

ನೀತಿ: ಮನೆಗೆ ನಾಯಿ ತರುವಾಗ ನೋಡುವವರ ಮೆಚ್ಚುಗೆಯನ್ನಲ್ಲ, ನಮ್ಮ ಮನೆಯ ಅಳತೆಯನ್ನೂ ಆ ನಾಯಿಯ ಅಗತ್ಯವನ್ನೂ ನೋಡಬೇಕು, ತೋರಿಕೆಗೆ ಆರಿಸಿದ್ದು ಕಷ್ಟ ಬಂದಾಗ ನೆರವಾಗುವುದಿಲ್ಲ.