ಬಾಗಿಲು ಯಾವ ಕಡೆಗೆ

“ಗುರುಗಳೇ, ಕೋಪವನ್ನು ಗೆದ್ದೆ. ಆಸೆಯನ್ನೂ ಗೆದ್ದೆ. ಇನ್ನು ಅಹಂಕಾರವೊಂದು ಉಳಿದಿದೆ. ಅದನ್ನೂ ಗೆದ್ದುಬಿಟ್ಟರೆ ನೆಮ್ಮದಿ ಸಿಗುತ್ತದಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಮುಗುಳ್ನಕ್ಕು ಒಂದು ಕತೆ ಹೇಳಿದರು.

ತೋಪು ಬಂದೂಕುಗಳ ಕಾಲದಲ್ಲಿ ಒಬ್ಬ ಚಕ್ರವರ್ತಿಗೆ ಒಬ್ಬ ಸೇನಾಪತಿಯಿದ್ದ. ಹದಿನಾರಕ್ಕೆ ಸಿಪಾಯಿಯಾಗಿ ಸೇರಿದವನು ಸುಬೇದಾರನಾದ, ಕೊನೆಗೆ ಇಡೀ ದಂಡಿಗೇ ಒಡೆಯನಾದ. ಆ ದಂಡಿನಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲೇ ಬೀಡು ಬಿಡಲಿ, ಪ್ರತಿ ಡೇರೆಯ ಬಾಗಿಲು ಶತ್ರುವಿನ ಕಡೆಗೇ ಇರಬೇಕು. ನಲವತ್ತು ವರ್ಷ ಅವನು ಕಣ್ಣು ಬಿಟ್ಟಾಗಲೆಲ್ಲ ಎದುರಿಗೆ ಒಂದು ಕೋಟೆ ಕಂಡಿತು. ಮರಳುಗಾಡಿನಲ್ಲಿ ಮಣ್ಣಿನ ಕೋಟೆ, ಹಿಮದ ನಾಡಿನಲ್ಲಿ ಕಲ್ಲಿನ ಕೋಟೆ. ಒಂದೊಂದೂ ಬೆಳಗಿನ ಮಂಜಿನಂತೆ ಕರಗಿಹೋಯಿತು. ಎದೆಯ ಮೇಲೆ ಪದಕಗಳಿಗೆ ಜಾಗ ಸಾಲದಾಯಿತು.

ಗೆಲ್ಲಲು ಏನೂ ಉಳಿಯದಿದ್ದಾಗ ಚಕ್ರವರ್ತಿ ಅವನಿಗೆ ಹೊಳೆಯ ದಡದಲ್ಲಿ ಭೂಮಿ ಕೊಟ್ಟು ಬೀಳ್ಕೊಟ್ಟ. ಅಲ್ಲೊಂದು ಮನೆ ಕಟ್ಟಿ, ಕಾದು ಕಾದು ತಲೆ ನರೆತ ಹೆಂಡತಿಯೊಡನೆ ಬಾಳಬೇಕು. ಪಾಪ, ಅವನಿಗಿದ್ದ ಆಸೆ ಅದೊಂದೇ.

ಪಾಯಕ್ಕೆ ದಾರ ಹಿಡಿದ ಮೇಸ್ತ್ರಿ ಕೇಳಿದ: “ಬುದ್ಧೀ, ಬಾಗಿಲು ಯಾವ ಕಡೆಗಿಡಲಿ?”

“ಶತ್ರು ಯಾವ ಕಡೆಗಿದ್ದಾನೋ ಆ ಕಡೆಗೆ.”

“ಇಲ್ಲಿ ಯಾರಿದ್ದಾರೆ ಬುದ್ಧೀ ಶತ್ರು? ಸುತ್ತ ಬರೀ ಹುಲ್ಲುಗಾವಲು.”

ನಾಳೆ ಹೇಳುತ್ತೇನೆಂದ ಸೇನಾಪತಿ. ನಾಲ್ಕೂ ದಿಕ್ಕಿಗೆ ಹೋಗಿ ನಿಂತ. ಮೂಡಣದಲ್ಲಿ ಹೊಳೆ ಹರಿಯುತ್ತಿತ್ತು. ಕುದುರೆಗಳನ್ನು ಎಲ್ಲಿ ದಾಟಿಸಬಹುದೆಂದು ತೋಚಿತು. ತೆಂಕಣದ ದಿಣ್ಣೆಯ ಮೇಲೆ ಹೂವು ಅರಳಿತ್ತು. ತೋಪು ನಿಲ್ಲಿಸಲು ಒಳ್ಳೆಯ ಜಾಗವೆನಿಸಿತು. ದಿನಗಳು ಮೋಡದ ನೆರಳಿನ ಹಾಗೆ ಹುಲ್ಲಿನ ಮೇಲೆ ಸದ್ದಿಲ್ಲದೆ ಸರಿದವು. ಗಂಡಹೆಂಡಿರು ಡೇರೆಯಲ್ಲೇ ಇದ್ದರು.

ಒಂದು ಸಂಜೆ ಹೆಂಡತಿ ಅವನ ಕೈ ಹಿಡಿದು, “ನಾನಿರುವ ಕಡೆಗೆ ಇಡಿಸಿ, ಸಾಕು” ಎಂದಳು.

ಅವನಿಗೆ ಅಳು ಬಂತು. ಅವಳ ಕಡೆಗೆ ತಿರುಗಿದ, ಬಹಳ ಹೊತ್ತು ನೋಡಿದ. ಬಿಸಿಲು ಇಳಿಯುತ್ತಿತ್ತು. ಅವನ ನೋಟ ಆ ಪ್ರೀತಿಯ ಮುಖದಲ್ಲೂ, ಕೋಟೆಗೋಡೆಯಲ್ಲೆಂಬಂತೆ, ಒಳನುಗ್ಗಲು ಸಡಿಲವಾದ ಕಲ್ಲೊಂದನ್ನು ಹುಡುಕುತ್ತಿತ್ತು. ಅವಳು ಹೆದರಿ ಕೈ ಬಿಟ್ಟಳು.

ಮರುದಿನ ಮೇಸ್ತ್ರಿ ದಾರ ಸುತ್ತಿಕೊಂಡು ಹೊರಟುಹೋದ.

“ಹಾಗಾದರೆ ಅವನು ಮನೆ ಕಟ್ಟಲೇ ಇಲ್ಲವೇ?” ಎಂದು ಶಿಷ್ಯ ಕೇಳಿದ.

“ನಿನಗಿನ್ನೂ ಒಬ್ಬ ಶತ್ರು ಉಳಿದಿದ್ದಾನಲ್ಲ, ಅವನೂ ಸತ್ತ ಮರುದಿನ ನಿನ್ನ ಬಾಗಿಲು ಯಾವ ಕಡೆಗಪ್ಪಾ?” ಎಂದರು ಗುರುಗಳು.